ಹಸಿರು ಬಿಲ್ಲೆ

ಟೈಲರ್ ಮಾವ ಬಚ್ಚಲಲ್ಲಿ ಬಿದ್ದು ಇಪ್ಪತ್ತೆಂಟು ಗಂಟೆಯಾಗಿತ್ತು. ಅಷ್ಟರಲ್ಲಿ ನಾನು ಅವರ ಬಾಗಿಲ ಮುಂದೆ ಮೂರು ಸಲ ಹಾದುಹೋಗಿದ್ದೆ. ಎರಡು ಸಲ ಅವರ ಬಿಲ್ಲೆ ಹಸಿರಿತ್ತು. ನಡುವೆ ಒಮ್ಮೆ ನಾನೇ ಅದನ್ನು ಕೆಂಪಿಗೆ ತಿರುಗಿಸಿ ಮುಂದೆ ನಡೆದಿದ್ದೆ. ಬಾಗಿಲಿಂದ ಬಚ್ಚಲಿಗೆ ಹತ್ತು ಹೆಜ್ಜೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಒಳ್ಳೆಯವಳು ಅನ್ನುವುದು ಬೇಡ.

ನಾನು ಈ ಕಟ್ಟಡದ ಮೆಟ್ಟಿಲು ಗುಡಿಸುವವಳು. ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರ ಬಾಯಲ್ಲೂ ಮೆಟ್ಟಿಲಕ್ಕ. ಎಂಬತ್ತು ಮನೆ, ನೆಲದ ಮೇಲೆ ನಾಲ್ಕು ಮಹಡಿ, ತೊಂಬತ್ತಾರು ಮೆಟ್ಟಿಲು. ನಮ್ಮ ಗುಡಿಸಲುಗಳನ್ನು ಕೆಡವಿದ ಮೇಲೆ ಸರ್ಕಾರ ಕಟ್ಟಿಸಿಕೊಟ್ಟದ್ದು. ಬದುಕಿರುವ ತನಕ ನಿಮ್ಮದೇ ಎಂದು ಬಾಯಲ್ಲಿ ಹೇಳಿದರು. ಕಾಗದದಲ್ಲಿ ಏನು ಬರೆದಿತ್ತೋ, ಓದುವ ಪುರುಸೊತ್ತು ಯಾರಿಗಿತ್ತು? ಹೆಬ್ಬೆಟ್ಟು ಒತ್ತಿ ಬೀಗದ ಕೈ ಇಸಿದುಕೊಂಡೆವು. ನನಗೆ ಕೆಳಗೆ ಮೆಟ್ಟಿಲ ಪಕ್ಕದ ಮನೆ ಸಿಕ್ಕಿತು. ಹನ್ನೆರಡು ವರ್ಷ ಬಕೆಟ್ಟು ಹೊತ್ತು ಬಲಗೈ ಸೋತಿದೆ. ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಎಡಗೈಯಲ್ಲಿ ಗುಡಿಸುವುದನ್ನು ಕಲಿತುಕೊಂಡಿದ್ದೇನೆ. ಅದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಅಂಗಳದ ಮೂಲೆಯ ಕೋಣೆಗೆ ಸೇವಾ ಅಧಿಕಾರಿ ಬಂದರು. ಸದಾ ನಗುತ್ತಿದ್ದರು. ಆದ್ದರಿಂದ ನಮ್ಮ ಜನ ಅವರಿಗೆ ನಗುಮುಖ ಎಂದು ಹೆಸರಿಟ್ಟರು. ನಮ್ಮ ಕಟ್ಟಡದಲ್ಲಿ ವಯಸ್ಸಾದವರು, ಕಾಯಿಲೆಯವರು ಜಾಸ್ತಿ. ಸೌಲಭ್ಯಗಳು ಎಲ್ಲೋ ಇವೆ, ಜನ ಇಲ್ಲಿದ್ದಾರೆ, ಎರಡನ್ನೂ ಜೋಡಿಸುವುದೇ ನನ್ನ ಕೆಲಸ ಎಂದರು. ಮನೆಗೊಂದು ಬಿಲ್ಲೆ ಕೊಟ್ಟರು. ಊಟದ ತಟ್ಟೆಯಷ್ಟಗಲದ ಪ್ಲಾಸ್ಟಿಕ್ಕು. ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು. ಬಾಗಿಲ ಮೇಲೆ ಮೊಳೆಗೆ ನೇತುಹಾಕಬೇಕು. ಸಂಜೆ ಆರಕ್ಕೆ ನಾನು ಎಲ್ಲವನ್ನೂ ಕೆಂಪಿಗೆ ತಿರುಗಿಸಬೇಕು. ಬೆಳಿಗ್ಗೆ ಎಂಟರೊಳಗೆ ಮನೆಯವರು ಎದ್ದು ಹಸಿರಿಗೆ ತಿರುಗಿಸಬೇಕು. ತಿರುಗಿಸದ ಮನೆಯವರಿಗೆ ಸಹಾಯ ಬೇಕು ಎಂದರ್ಥ. ಬಾಗಿಲುಗಳೆಲ್ಲ ಅಂಗಳದ ಕಡೆಗೇ ಇರುವುದರಿಂದ ಕೆಳಗೆ ನಿಂತೇ ಎಣಿಸಬಹುದು.

ಎಣಿಸಿ ಬರೆದುಕೊಳ್ಳಲು ಅವರಿಗೆ ನಮ್ಮವರೇ ಒಬ್ಬರು ಬೇಕಿತ್ತು. ನನ್ನನ್ನು ಸಂಪರ್ಕ ಸಹಾಯಕಿ ಮಾಡಿದರು. ಪೊರಕೆಯೂ ಇತ್ತು, ಪುಸ್ತಕವೂ ಬಂತು. ಮೊದಲ ದಿನ ಅವರ ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು ಬರೆದು ವಾಪಸು ಚಾಚಿದೆ. ಅವರ ಕೈ ಹಿಂದಕ್ಕೆ ಹೋಯಿತು. ನಗುತ್ತಲೇ, “ಇರ್ಲಿ ಇರ್ಲಿ, ಪೆನ್ನು ನೀನೇ ಇಟ್ಕೋ” ಎಂದರು. ನಾನು ಹಿಗ್ಗಿಬಿಟ್ಟೆ. ನಮ್ಮಲ್ಲಿಗೆ ಬರುವ ನರ್ಸಿನ ಕೈಯಿಂದ ಅವರು ಅದೇ ತರಹದ ಪೆನ್ನು ಇಸಿದುಕೊಂಡು ಜೇಬಿಗೆ ಹಾಕಿಕೊಳ್ಳುತ್ತಿದ್ದುದನ್ನು ನೋಡಿದ್ದು ತಿಂಗಳ ನಂತರ. ಅರ್ಥವಾಗದಿರಲು ನಾನೇನು ಎಳೆ ಮಗುವೇ? ಆದರೂ ಪೆನ್ನನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ತಿರುಗಿದೆ.

ಯಾಕೆಂದರೆ ಕೆಲಸ ನಡೆಯುತ್ತಿತ್ತು. ಸುಳ್ಳು ಹೇಳಬಾರದು. ಕೆಂಪು ಬಿಲ್ಲೆ ಬರೆದು ಕೊಟ್ಟರೆ ಮಧ್ಯಾಹ್ನದೊಳಗೆ ನರ್ಸು ಬರುತ್ತಿದ್ದಳು. ಒಬ್ಬರಿಗೆ ಕಿವಿಯ ಯಂತ್ರ ಬಂತು. ಒಬ್ಬರಿಗೆ ಹಿಡಿದು ನಡೆಯುವ ಚೌಕಟ್ಟು ಬಂತು. ನಮ್ಮ ಮುದುಕರಿಗೆ ಕೇಳಲು ನಾಚಿಕೆ. ಜೀವಮಾನವೆಲ್ಲ ಹೊತ್ತು, ತೊಳೆದು, ಅಗೆದು ಬದುಕಿದವರು. ಕೈಲಾಗುವುದಿಲ್ಲ ಎಂಬ ಮಾತು ಬಾಯಿಗೇ ಬರುತ್ತಿರಲಿಲ್ಲ. ನಾನು ಗದರಿಸಿ, ಗೇಲಿ ಮಾಡಿ ಬಿಲ್ಲೆಯನ್ನು ಕೆಂಪಾಗಿಯೇ ಬಿಡುವಂತೆ ಮಾಡಿದೆ. ಮನೆಮನೆಗೆ ಹೋಗಿ ಕಲಿಸಿದವಳು ನಾನೇ.

ಟೈಲರ್ ಮಾವ ನಾಲ್ಕನೆಯ ಮಹಡಿಯವರು. ಎಪ್ಪತ್ತು ದಾಟಿತ್ತು. ಮಂಡಿ ಎರಡೂ ಹೋಗಿದ್ದವು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಪಕ್ಕ ಮಂಚ. ಇಡೀ ಕಟ್ಟಡದ ಹರಿದ ಬಟ್ಟೆ ಅಲ್ಲಿಗೆ ಹೋಗುತ್ತಿತ್ತು. ಮುಂದಿನ ದಿನ ಹೊಲಿಸಿಕೊಂಡು ಬರುತ್ತಿತ್ತು. ಬಿಲ್ಲೆ ತಗುಲಿಸಿದ ದಿನ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ನನ್ನ ಬಾಗಿಲಿಗೂ ಸಿಗ್ನಲ್ ಹಾಕಿದ್ರು. ಇನ್ನು ಟ್ರಾಫಿಕ್ ಶುರುವಾಗೋದೊಂದು ಬಾಕಿ” ಎಂದಿದ್ದರು.

ಟ್ರಾಫಿಕ್ ಶುರುವಾಯಿತು.

ಮೊದಲು ಹೋದವಳು ಮೂರನೆಯ ಮಹಡಿಯ ಸೂಲಗಿತ್ತಿ ಅಜ್ಜಿ. ನನ್ನ ಎರಡು ಹೆರಿಗೆಯನ್ನೂ ಮಾಡಿಸಿದವಳು. ಒಂದೇ ತಿಂಗಳಲ್ಲಿ ಆರು ದಿನ ಅವಳ ಬಿಲ್ಲೆ ಕೆಂಪಿತ್ತು. ಆರೂ ಸಲ ನಾನು ಬರೆದೆ. ನರ್ಸು ಬಂದಳು, ಮಾತ್ರೆ ಕೊಟ್ಟಳು. ಆಮೇಲೆ ಒಂದು ಕಾಗದ ಬಂತು. ಈ ಮನೆಗಳು ಸ್ವತಂತ್ರವಾಗಿ ಬದುಕಬಲ್ಲವರಿಗೆ ಮಾತ್ರ ಎಂದು ನಾವು ಹೆಬ್ಬೆಟ್ಟು ಒತ್ತಿದ ಕಾಗದದಲ್ಲೇ ಬರೆದಿದೆಯಂತೆ. ತಿಂಗಳಲ್ಲಿ ಐದಕ್ಕಿಂತ ಹೆಚ್ಚು ಕೆಂಪು ಬಂದರೆ ಅವರು ಸ್ವತಂತ್ರರಲ್ಲವಂತೆ. ಬಿಳಿ ವ್ಯಾನು ಬಂತು. ಆರು ಸೀಟಿನದು. ಹದಿನೈದು ದಿನದ ಆರೈಕೆ ಅಷ್ಟೇ, ಮತ್ತೆ ಕರೆತರುತ್ತೇವೆ ಎಂದು ನಗುಮುಖ ತಾವೇ ಕೈಹಿಡಿದು ಹತ್ತಿಸಿದರು. ಆ ಕೈಗೆ ಕೈಗವಸು ಇತ್ತು.

ಹದಿನೈದನೆಯ ದಿನ ಅವಳ ಮನೆಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. ನೀರಿನ ಕೊಳವೆಗೆ ಬಿರಡೆ ಹಾಕಿದರು. ಆ ಮನೆಗೆ ಬೇರೆ ಯಾರೂ ಬರಲಿಲ್ಲ. ಮುಂದಿನ ತಿಂಗಳು ಎರಡು ಮನೆ. ಅದರ ಮುಂದಿನ ತಿಂಗಳು ಮೂರು. ಹೀಗೇ ಹದಿನಾಲ್ಕು ಮನೆಗೆ ಮುದ್ರೆ ಬಿತ್ತು. ಈ ಜಾಗ ಖಾಲಿಯಾಗುವುದು ಯಾರಿಗೆ ಬೇಕಿತ್ತು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಅಳತೆ ಟೇಪು ಹಿಡಿದವರು ಅಂಗಳದಲ್ಲಿ ಓಡಾಡಿದ್ದನ್ನು ಮಾತ್ರ ನೋಡಿದ್ದೇನೆ. ಅವರು ಉಗುಳಿದ್ದನ್ನು ಗುಡಿಸಿದ್ದೂ ನಾನೇ.

ಎರಡು ಬಸ್ಸು ಬದಲಿಸಿ ಆರೈಕೆ ಕೇಂದ್ರಕ್ಕೆ ಹೋದೆ. ಉದ್ದನೆಯ ಹಾಲು, ಸಾಲು ಮಂಚ. ಸಂಬಂಧಿಕರಲ್ಲದವರಿಗೆ ಹತ್ತು ನಿಮಿಷ ಎಂದರು. ಅಜ್ಜಿಯ ಕೂದಲು ಬೋಳಿಸಿದ್ದರು. ಕನ್ನಡಕ ಇರಲಿಲ್ಲ. ನನ್ನ ಮುಖವನ್ನು ಕೈಯಿಂದ ಸವರಿ ಗುರುತು ಹಿಡಿದಳು.

“ಮೆಟ್ಟಿಲಕ್ಕ ಅಲ್ವಾ? ನೀನೇ ಅಲ್ವಾ ಬರ್ಕೊಂಡು ಹೋಗ್ತಿದ್ದದ್ದು?”

ಸಿಟ್ಟಿನಿಂದ ಕೇಳಲಿಲ್ಲ. ಗುರುತು ಖಚಿತ ಮಾಡಿಕೊಳ್ಳಲು ಕೇಳಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಸೆರಗಿನ ಗಂಟನ್ನು ಹಿಡಿದುಕೊಂಡೇ ಕೂತಿದ್ದೆ. ಪೆನ್ನನ್ನು ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಕೆಲಸ ಹೋದರೆ ಮನೆ ಹೋಗುತ್ತದೆ ಎಂಬ ಹೆದರಿಕೆ.

ಆಮೇಲೆ ಬಿಲ್ಲೆಗಳೆಲ್ಲ ಹಸಿರಾದವು. ಯಾರೂ ಸಭೆ ಮಾಡಲಿಲ್ಲ. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಬೇಗ ಏಳುವವರು ಹೊರಗೆ ಬಂದು ತಮ್ಮದನ್ನು ತಿರುಗಿಸಿ, ಪಕ್ಕದ ಮನೆಯದನ್ನೂ ತಿರುಗಿಸಿ ಹೋಗುತ್ತಿದ್ದರು. ಜ್ವರದವರದು ಹಸಿರು. ಲಕ್ವ ಹೊಡೆದವರದು ಹಸಿರು. ಮೂರು ದಿನದಿಂದ ಊಟ ಬಿಟ್ಟವರದೂ ಹಸಿರು. ನಗುಮುಖ ಅಂಗಳದಲ್ಲಿ ನಿಂತು ಬೆರಳು ಎತ್ತಿ ಎಣಿಸಿ, “ನೋಡಮ್ಮ, ಎಷ್ಟು ಚೆನ್ನಾಗಾಗಿದ್ದಾರೆ ಎಲ್ರೂ” ಎಂದರು. ನಮ್ಮ ಹಸಿರು ಕಟ್ಟಡದ ಫೋಟೊ ತೆಗೆಸಿ ಮೇಲಧಿಕಾರಿಗಳಿಗೆ ಕಳಿಸಿದರು. ನರ್ಸನ್ನು ಬೇರೆ ಕಡೆಗೆ ಹಾಕಿದರು.

ನರ್ಸಿನ ಕೆಲಸ ನನ್ನ ಹೆಗಲಿಗೆ ಬಿತ್ತು. ಮೆಟ್ಟಿಲು ಗುಡಿಸುವ ನೆಪದಲ್ಲಿ ಒಳಗೆ ನುಗ್ಗುತ್ತಿದ್ದೆ. ಮೈ ಒರೆಸಿದೆ. ಹಾಸಿಗೆಯ ಹುಣ್ಣಿಗೆ ಮುಲಾಮು ಹಚ್ಚಿದೆ. ಕೊಳೆಯಾದ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದುಮಿ, ಮೇಲೆ ನೆಲ ಒರೆಸುವ ಬಟ್ಟೆ ಮುಚ್ಚಿ, ನಗುಮುಖದ ಮುಂದೆಯೇ ದಾಟಿಸಿಕೊಂಡು ಬಂದು ತೊಳೆದೆ. ಒಂದೇ ಕೈಯಲ್ಲಿ ಮನುಷ್ಯರನ್ನು ಎಬ್ಬಿಸಿ ಕೂರಿಸುವುದು ಹೇಗೆ ಎಂದು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ಅವರ ತಲೆಯನ್ನು ನನ್ನ ಕತ್ತಿಗೆ ಒರಗಿಸಿಕೊಂಡು, ಬೆನ್ನಿನಿಂದ ಎತ್ತಬೇಕು.

ಟೈಲರ್ ಮಾವನ ಬಿಲ್ಲೆಯನ್ನು ಪಕ್ಕದ ಮನೆಯ ಇಸ್ತ್ರಿಯವಳು ತಿರುಗಿಸುತ್ತಿದ್ದಳು. ಅವಳು ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಹಾಕುವವಳು. ಬೆಳಿಗ್ಗೆ ಆರಕ್ಕೆ ಹೊರಡುತ್ತಿದ್ದಳು. ಮಾವನಿಗೆ ನಿದ್ದೆ ಹತ್ತುತ್ತಿದ್ದುದೇ ಬೆಳಗಿನ ಹೊತ್ತಿಗೆ. ಎಬ್ಬಿಸುವುದು ಬೇಡ ಎಂದು ಬಾಗಿಲು ತಟ್ಟದೆ ಬಿಲ್ಲೆ ತಿರುಗಿಸಿ ಮೆಟ್ಟಿಲಿಳಿಯುತ್ತಿದ್ದಳು. ಎಂಟಕ್ಕೆ ನಾನು ಹೋಗಿ ಪೊರಕೆಯ ಹಿಡಿಯಿಂದ ಬಾಗಿಲಿಗೆ ಎರಡು ಸಲ ಬಡಿಯುತ್ತಿದ್ದೆ. ಅವರು ಒಳಗಿಂದ ಕತ್ತರಿಯನ್ನು ಯಂತ್ರದ ಕಬ್ಬಿಣಕ್ಕೆ ಎರಡು ಸಲ ತಾಗಿಸುತ್ತಿದ್ದರು. ಟಣ್ ಟಣ್. ಅದು ನಮ್ಮ ನಿಜವಾದ ಬಿಲ್ಲೆ.

ಮಾವ ಬಿದ್ದ ವಾರ ಮೇಲಧಿಕಾರಿಗಳು ನೋಡಲು ಬರುತ್ತಾರೆ ಎಂದಾಯಿತು. ಹಿಂದಿನ ದಿನ ಬೆಳಿಗ್ಗೆ ನಗುಮುಖ ನನ್ನ ಜೊತೆಯಲ್ಲೇ ಮಹಡಿ ಹತ್ತಿದರು, ಎಲ್ಲ ನೆಟ್ಟಗಿದೆಯೇ ನೋಡಲು. ಅವರ ಮುಂದೆ ಹಸಿರು ಬಾಗಿಲನ್ನು ಹೇಗೆ ಬಡಿಯಲಿ? ಬಡಿದರೆ ಹಸಿರನ್ನು ನಾನೇ ನಂಬುವುದಿಲ್ಲ ಎಂದು ಹೇಳಿದಂತೆ. ದಾಟಿಹೋದೆ. ಆಮೇಲೆ ಅಂಗಳ ತೊಳೆಸಿದರು, ಚರಂಡಿಯ ಹೂಳು ಎತ್ತಿಸಿದರು, ನೂರು ಕುರ್ಚಿ ಹೊರಿಸಿದರು. ಸಂಜೆ ಆರಕ್ಕೆ ಬಿಲ್ಲೆ ತಿರುಗಿಸಲು ನಾಲ್ಕನೆಯ ಮಹಡಿಗೆ ಹೋದಾಗ ಒಬ್ಬಳೇ ಇದ್ದೆ. ಆಗ ಬಡಿಯಬಹುದಿತ್ತು. ತೋಳು ಸಿಡಿಯುತ್ತಿತ್ತು. ಬಡಿದರೆ ಒಳಗೆ ಹೋಗಬೇಕು, ಹೋದರೆ ಎತ್ತಿ ಕೂರಿಸಬೇಕು. ಬೆಳಿಗ್ಗೆ ನೋಡಿದರಾಯಿತು ಅಂದುಕೊಂಡು ಬಿಲ್ಲೆ ತಿರುಗಿಸಿ ಇಳಿದೆ.

ಮಾರನೆಯ ದಿನ ಎಂಟಕ್ಕೆ ದೊಡ್ಡವರ ಹಿಂಡು. ಮಾವನ ಬಾಗಿಲ ಮುಂದೆ ನನ್ನ ಕೈ ತಾನಾಗಿಯೇ ಪೊರಕೆಯ ಹಿಡಿ ಎತ್ತಿತು. ನಗುಮುಖ ತಿರುಗಿ ನೋಡಿದರು. ಹಸಿರಿದೆಯಲ್ಲ, ಸುಮ್ಮನೆ ಯಾಕೆ ತೊಂದರೆ ಕೊಡುತ್ತೀಯ ಎಂದು ಮೆಲ್ಲಗೆ ಹೇಳಿದರು. ಕೈ ಇಳಿಸಿದೆ.

ಅವರೆಲ್ಲ ಅಂಗಳದ ಕುರ್ಚಿಯಲ್ಲಿ ಕೂತು ಭಾಷಣ ಶುರು ಮಾಡಿದ ಮೇಲೆ, ಹನ್ನೊಂದರ ಹೊತ್ತಿಗೆ ತಪ್ಪಿಸಿಕೊಂಡು ಮೇಲಕ್ಕೆ ಓಡಿದೆ. ಬಾಗಿಲು ಬರೀ ಮುಂದಕ್ಕೆ ಹಾಕಿತ್ತು. ಕತ್ತರಿ ಯಂತ್ರದ ಮೇಲಿತ್ತು. ಅವರು ಬಚ್ಚಲಲ್ಲಿ ಗೋಡೆಗೆ ಒತ್ತಿಕೊಂಡು ಬಿದ್ದಿದ್ದರು. ಸೊಂಟ ಮುರಿದು ಒಂದು ಕಾಲು ಬೇರೆ ಯಾರದೋ ಎಂಬಂತೆ ತಿರುಗಿತ್ತು. ತುಟಿ ಒಡೆದಿತ್ತು. ಕೈಯಲ್ಲಿ ಹಿತ್ತಾಳೆಯ ಚೊಂಬು. ತಲೆಯ ಪಕ್ಕದಲ್ಲೇ ನೀರಿನ ಕೊಳವೆ. ಆ ಕೊಳವೆ ಎಲ್ಲ ಮನೆಗಳ ಬಚ್ಚಲಿನೊಳಗಿಂದ ನೆಲದ ತನಕ ಇಳಿಯುತ್ತದೆ. ಒಬ್ಬರು ಬಡಿದರೆ ಇಡೀ ಕಟ್ಟಡಕ್ಕೆ ಕೇಳುತ್ತದೆ.

ಅವರು ಕಣ್ಣು ಬಿಟ್ಟು ಮೊದಲು ಕೇಳಿದ್ದು ನೀರಲ್ಲ.

“ಬಿಲ್ಲೆ ಹಸಿರಿದ್ಯಾ?”

ಇದೆ ಎಂದೆ. ಚೊಂಬು ಕೈಲೇ ಇತ್ತಲ್ಲ ಮಾವ, ಕೊಳವೆಗೆ ಬಡಿಯಬಾರದಿತ್ತಾ ಎಂದು ಕೇಳಿದೆ. ಅಷ್ಟು ಹೊತ್ತಿಗೆ ನಾನು ಅಳುತ್ತಿದ್ದೆ.

“ನಿನ್ನೆ ಅವ್ರು ಓಡಾಡ್ತಿದ್ದ ಸದ್ದು ಕೇಳಿಸ್ತು. ಇವತ್ತೂ ಕೇಳಿಸ್ತು. ಬಡಿದ್ರೆ, ರಾತ್ರಿ ಬಡಿದ್ರೂ, ಅವ್ರಿಗೆ ಗೊತ್ತಾಗ್ಬಿಡ್ತಿತ್ತಲ್ಲಮ್ಮ.”

ತಮ್ಮನ್ನು ಆ ಸ್ಥಿತಿಯಲ್ಲಿ ಯಾರಿಗೂ ತೋರಿಸಬೇಡ ಎಂದು ಬೇಡಿಕೊಂಡರು. ಮೈಯೆಲ್ಲ ಗಲೀಜಾಗಿತ್ತು. ಸೊಂಟ ಅಲುಗಿಸದಂತೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅವರೇ ಹೊಲಿದಿಟ್ಟಿದ್ದ ಒಂದು ಬಿಳಿ ಅಂಗಿಯನ್ನು ಎದೆಯ ಮೇಲೆ ಹೊದಿಸಿದೆ. ಆಮೇಲೆ ಬಾಗಿಲಾಚೆಯ ಗ್ಯಾಲರಿಗೆ ಬಂದು ಕೆಳಗಿನ ಭಾಷಣದ ಮೇಲೆ ಬೀಳುವ ಹಾಗೆ ಕೂಗಿದೆ. ಆಂಬುಲೆನ್ಸ್ ಬಂತು. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋದರು. ಮಣ್ಣು ಮಾಡಿ ಬರುವಷ್ಟರಲ್ಲಿ ಅವರ ಬಾಗಿಲಿಗೆ ಅರಗಿನ ಮುದ್ರೆ ಬಿದ್ದಿತ್ತು. ಹೊಲಿಯಲು ಕೊಟ್ಟಿದ್ದ ಬಟ್ಟೆಗಳೆಲ್ಲ ಒಳಗೇ ಉಳಿದವು.

ನಗುಮುಖ ನನ್ನನ್ನೂ ಇಸ್ತ್ರಿಯವಳನ್ನೂ ಕರೆಸಿದರು. ಎರಡು ಕುರ್ಚಿ ಖಾಲಿ ಇದ್ದವು. ನಾವು ನಿಂತೇ ಇದ್ದೆವು. ಮೇಜಿನ ಮೇಲೆ ಒಂದು ಕಾಗದ ಇಟ್ಟು ಓದಿದರು. ನಿವಾಸಿಯು ಸಹಾಯ ಕೇಳಿರಲಿಲ್ಲ. ಅದರ ಕೆಳಗೆ ನನ್ನ ಸಹಿಗೆ ಜಾಗ. ಬೇರೆಯವರ ಬಿಲ್ಲೆ ಮುಟ್ಟಿದ್ದು ದೊಡ್ಡ ಅಪರಾಧ, ಇಸ್ತ್ರಿಯವಳ ಮನೆ ಹೋಗುವಂಥದ್ದು. ನಾನು ಸಹಿ ಹಾಕಿದರೆ ಅದನ್ನು ಎತ್ತುವುದಿಲ್ಲ ಎಂದರು. ಅವಳು ಉಗಿಯಿಂದ ಬೆಂದ ತನ್ನ ಬೆರಳುಗಳನ್ನು ನೋಡಿಕೊಂಡಿದ್ದಳು.

“ಇದ್ರಲ್ಲಿ ಸುಳ್ಳಿದ್ರೆ ತೋರ್ಸಮ್ಮ,” ಎಂದರು ನಗುಮುಖ. “ಕೇಳಿದ್ರಾ ಅವ್ರು? ಇಪ್ಪತ್ತೆಂಟು ಗಂಟೆ ಇತ್ತು.”

ಸುಳ್ಳಿರಲಿಲ್ಲ. ಕೇಳಿದವರನ್ನೆಲ್ಲ ಹೊತ್ತುಕೊಂಡು ಹೋಗಿ, ಕೊನೆಗೆ ಕೇಳದೇ ಸತ್ತವನ ಮೇಲೆ ಕೇಳಲಿಲ್ಲ ಎಂದು ಬರೆಯುತ್ತಾರೆ. ಅವರು ಯಾಕೆ ಕೇಳಲಿಲ್ಲ ಅಂತಲೂ ಬರೆಯಿರಿ, ಆಗ ಸಹಿ ಹಾಕುತ್ತೇನೆ ಎಂದೆ. ಅದಕ್ಕೆ ಇದರಲ್ಲಿ ಜಾಗವಿಲ್ಲ ಎಂದರು. ನಗು ಹಾಗೇ ಇತ್ತು.

“ಆ ಬಲಗೈ ಮೇಲಕ್ಕೆ ಏಳಲ್ಲ ಅಲ್ವಾ ನಿಂಗೆ? ಫೋಟೊದಲ್ಲಿ ನೋಡ್ದೆ. ಎಲ್ಲದ್ರಲ್ಲೂ ಎಡಗೈಲೇ ಗುಡಿಸ್ತಿದ್ದೀಯ. ನಿನ್ನ ಮನೆನೂ ಆ ಹೆಬ್ಬೆಟ್ಟಿನ ಕಾಗದದ ಮೇಲೇ ಇರೋದಮ್ಮ. ನಾಳೆ ಬೆಳಿಗ್ಗೆ ಎಂಟರ ತನಕ ಯೋಚ್ನೆ ಮಾಡು.”

ನಾನು ಸೆರಗಿನ ಗಂಟು ಬಿಚ್ಚಿದೆ. ಪೆನ್ನು ತೆಗೆದು ಅವರ ಕಡೆಗೆ ಚಾಚಿದೆ. ಎರಡು ವರ್ಷದ ಹಿಂದಿನಂತೆಯೇ ಅವರ ಕೈ ಹಿಂದಕ್ಕೆ ಹೋಯಿತು. ಈ ಸಲ ನಾನು ಬಿಡಲಿಲ್ಲ. ಮೇಜನ್ನು ಸುತ್ತಿ ಹೋಗಿ, ಆ ಕೈಯನ್ನು ಹಿಡಿದು, ಬೆರಳು ಬಿಡಿಸಿ, ಅಂಗೈಯೊಳಗೆ ಪೆನ್ನಿಟ್ಟು, ಬೆರಳು ಮಡಚಿದೆ. ಅವರ ಕೈ ತಣ್ಣಗಿತ್ತು.

“ನಿಮ್ಮ ಪೆನ್ನು. ನಾನು ಬರೆಯಲ್ಲ.”

ಮೊದಲ ಬಾರಿಗೆ ಅವರ ಮುಖದಲ್ಲಿ ನಗು ಇರಲಿಲ್ಲ. ನಾವು ಹೊರಗೆ ಬಂದಾಗ ಒಳಗೆ ನಲ್ಲಿಯ ನೀರು ಬಿಟ್ಟ ಸದ್ದು ಕೇಳಿತು. ಕೈ ತೊಳೆಯುತ್ತಿದ್ದರು.

ಸಂಜೆ ಆರಕ್ಕೆ ಎಂದಿನಂತೆ ಬಿಲ್ಲೆಗಳನ್ನು ಕೆಂಪಿಗೆ ತಿರುಗಿಸಿದೆ. ಆಗ ಮುದ್ರೆ ಬೀಳದೆ ಉಳಿದದ್ದು ಅರವತ್ತೈದು ಮನೆ. ಪ್ರತಿ ಬಾಗಿಲು ತಟ್ಟಿ, ಮಾವ ಯಾಕೆ ಕೊಳವೆ ಬಡಿಯಲಿಲ್ಲ ಎಂದು ಹೇಳಿದೆ. ಬೆಳಿಗ್ಗೆ ನನ್ನ ಬಿಲ್ಲೆ ನಾನು ತಿರುಗಿಸುವುದಿಲ್ಲ ಎಂದಷ್ಟೇ ಹೇಳಿದೆ. ನೀವೂ ಹಾಗೇ ಮಾಡಿ ಎನ್ನಲು ನನಗೆ ಬಾಯಿರಲಿಲ್ಲ. ಮೊದಲ ಸಲ ನನ್ನ ಮಾತು ಕೇಳಿದವರು ಎಲ್ಲಿದ್ದಾರೆ ಎಂದು ಎಲ್ಲರಿಗೂ ಗೊತ್ತು. ಕೆಲವರು ಮುಖದ ಮೇಲೆ ಬಾಗಿಲು ಹಾಕಿದರು. ಎರಡನೆಯ ಮಹಡಿಯ ಒಬ್ಬಾಕೆ ಉಗಿದಳು. ಅವಳ ಅಪ್ಪ ಕೇಂದ್ರದಲ್ಲಿದ್ದಾನೆ. ಸೆರಗಿನಲ್ಲಿ ಒರೆಸಿಕೊಂಡು ಮುಂದಿನ ಬಾಗಿಲಿಗೆ ಹೋದೆ.

ಬೆಳಿಗ್ಗೆ ಆರಕ್ಕೆ ನನ್ನ ಹೊಸ್ತಿಲಲ್ಲಿ ಕೂತೆ. ತಲೆಯ ಮೇಲೆ ನನ್ನ ಬಿಲ್ಲೆ ಕೆಂಪಾಗಿತ್ತು. ಮೇಲೆ ಒಂದೊಂದೇ ಚಿಲಕ ತೆರೆಯುವ ಸದ್ದು. ಬಿಲ್ಲೆಗಳು ಟಕ್ ಟಕ್ ಎಂದು ಹಸಿರಿಗೆ ತಿರುಗಿದವು. ಹತ್ತು. ಇಪ್ಪತ್ತು. ಇಸ್ತ್ರಿಯವಳು ಚೀಲ ಹಾಕಿಕೊಂಡು ಹೊರಗೆ ಬಂದಳು. ತನ್ನ ಬಿಲ್ಲೆಗೆ ಕೈಯಿಟ್ಟಳು. ಬಹಳ ಹೊತ್ತು ಇಟ್ಟಳು. ಮಾವನ ಮುದ್ರೆ ಬಿದ್ದ ಬಾಗಿಲನ್ನು ನೋಡಿದಳು. ಆಮೇಲೆ ಕೈ ತೆಗೆದು, ಚೀಲ ಇಳಿಸಿ, ಒಳಗೆ ಹೋದಳು. ಅವಳ ಬಿಲ್ಲೆ ಕೆಂಪಾಗಿಯೇ ಉಳಿಯಿತು.

ಎಂಟಕ್ಕೆ ಐದು ನಿಮಿಷ ಇದ್ದಾಗ ಬಿಳಿ ವ್ಯಾನು ಅಂಗಳಕ್ಕೆ ಬಂತು. ಇಂಜಿನ್ನು ಆರಿಸಲಿಲ್ಲ. ನಗುಮುಖ ಇಳಿದು, ಮೇಲೆ ನೋಡಿ, ಬೆರಳು ಎತ್ತಿ ಎಣಿಸಿದರು. ವ್ಯಾನಿನ ಆರು ಸೀಟು ತುಂಬುವ ಆರನೆಯ ಕೆಂಪಿಗೆ ಬೆರಳು ಒಂದು ಕ್ಷಣ ನಿಂತಿತು. ಮುಂದುವರಿಯಿತು. ಇಪ್ಪತ್ತೆರಡು ಬಿಲ್ಲೆ ಕೆಂಪಿದ್ದವು. ಅವರು ನನ್ನ ಹತ್ತಿರ ಬಂದು, ಇವರಲ್ಲಿ ನಿಜವಾಗಿ ಸಹಾಯ ಬೇಕಾದವರು ಯಾರು ಎಂದು ಕೇಳಿದರು.

“ಎಲ್ರಿಗೂ ಬೇಕು,” ಎಂದೆ. “ಮನೆಯಿಂದ ಹೊರಗೆ ಹಾಕೋ ಸಹಾಯ ಅಲ್ಲ. ನರ್ಸನ್ನ ವಾಪಸ್ ಕಳ್ಸಿ. ಹೊತ್ಕೊಂಡೇ ಹೋಗೋದಾದ್ರೆ ನನ್ನಿಂದ ಶುರು ಮಾಡಿ.”

ಅವರು ಫೋನು ಕಿವಿಗಿಟ್ಟು, ಇನ್ನೂ ಮೂರು ವ್ಯಾನು ಕಳಿಸಿ, ಪೊಲೀಸರಿಗೂ ಹೇಳಿ ಎಂದರು. ತಿಂಗಳಿಗೆ ಐದು ಎಂಬ ಲೆಕ್ಕ ಅವರಿಗೆ ಇನ್ನು ಬೇಕಿರಲಿಲ್ಲ. ಚಾಲಕ ಹಿಂದಿನ ಬಾಗಿಲು ತೆರೆದ. ಕೈಗವಸು ಹಾಕಿಕೊಂಡ ಇಬ್ಬರು ಇಳಿದರು. ಏನೇ ಆಗಲಿ ಎದ್ದು ಓಡಬಾರದು ಎಂದು ಪೊರಕೆಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಆಗ ಮೇಲಿಂದ ಸದ್ದು ಬಂತು. ಟಣ್ ಟಣ್. ಒಂದು ಕ್ಷಣ ಕತ್ತರಿ ಎಂದೇ ಅಂದುಕೊಂಡೆ. ಕತ್ತರಿಯಲ್ಲ. ಇಸ್ತ್ರಿಯವಳು ತನ್ನ ಬಚ್ಚಲಿನ ಕೊಳವೆಗೆ ಏನನ್ನೋ ಬಡಿಯುತ್ತಿದ್ದಳು. ಟೈಲರ್ ಮಾವ ಬಡಿಯದ ಕೊಳವೆ. ಸದ್ದು ನಾಲ್ಕು ಮಹಡಿ ಇಳಿದು ನನ್ನ ಮನೆಯ ಗೋಡೆಯೊಳಗೆ ಬಂತು. ಮೂರನೆಯ ಮಹಡಿಯಿಂದ ಇನ್ನೊಂದು ಸೇರಿತು. ಆಮೇಲೆ ಎರಡನೆಯದರಿಂದ. ಮುದ್ರೆ ಬಿದ್ದ ಮನೆಗಳ ಒಳಗೂ ಆ ಸದ್ದು ಓಡಾಡಿತು. ನನ್ನ ಮೇಲೆ ಉಗಿದವಳು ಗ್ಯಾಲರಿಗೆ ಬಂದು ತನ್ನ ಹಸಿರು ಬಿಲ್ಲೆಯನ್ನು ಕೆಂಪಿಗೆ ತಿರುಗಿಸಿದಳು.

ಕೈಗವಸಿನವರು ಮೆಟ್ಟಿಲ ಹತ್ತಿರ ಬಂದಿದ್ದರು. ನಾನು ಎದ್ದು ಮೊದಲ ಮೆಟ್ಟಿಲಿಗೆ ಅಡ್ಡ ನಿಂತೆ. ಪೊರಕೆಯನ್ನು ತಿರುವಿ ಹಿಡಿದು, ಎಡಗೈಯಿಂದ, ಗೋಡೆಯಿಂದ ಹೊರಬಂದಿದ್ದ ಅದೇ ಕೊಳವೆಗೆ ಎರಡು ಸಲ ಬಡಿದೆ.